ಮಾಳಿಗೆಯ ಮನೆ: ವಿಜಯಪುರ ಸೀಮೆಯ ಗೃಹನಿರ್ಮಾಣವೂ ಅದರ ರಕ್ಷಣೆಯೂ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ. ಶ. 945 ರ ಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ 27 ನಿವೇಶನಗಳಿದ್ದುವೆಂದು ಅದರಿಂದ ತಿಳಿಯುತ್ತದೆ. ಕಲ್ಲಿನ ಮೇಲಣ ಅಕ್ಷರಗಳು ಉಳಿದಿವೆ. ಆ ಮನೆಗಳು ಉಳಿದಿಲ್ಲ. ದೇವಾಲಯ, ಶಾಸನಗಳನ್ನು ರಕ್ಷಿಸುವ ಕ್ರಮವು ಜನರು ವಾಸಿಸುವ ಮನೆಗೆ ಸಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಮಣ್ಣಿನ ಮಾಳಿಗೆಯು ಮುಟ್ಟದೆ ಬಿಟ್ಟರೆ ಉಳಿಯುವ ವಸ್ತುವಲ್ಲ. ವರ್ಷವರ್ಷವೂ ನಡೆಯುವ ದುರಸ್ತಿಯಿಂದಲೇ ಅದು ಬಾಳತಕ್ಕದ್ದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಮಳೆ ಅಲ್ಪ. ಬೇಸಿಗೆಯ ತಾಪವು 40 ಡಿಗ್ರಿಯನ್ನು ಮೀರುವುದುಂಟು. ಇದಕ್ಕೆ ತಕ್ಕಂತೆ ಇಲ್ಲಿಯ ಮನೆಯು ರೂಪುಗೊಂಡಿದೆ. ಗೋಡೆಗೆ ಬೇಕಾದ ಕಲ್ಲು ಸ್ಥಳದಲ್ಲಿಯೇ ದೊರೆಯುತ್ತದೆ: ಇಂಡಿಯ ಕಡೆ ಕರಿಗಲ್ಲು, ಹಿಂದೆ ಮುದ್ದೇಬಿಹಾಳಕ್ಕೆ ಸೇರಿದ್ದ ತಾಳಿಕೋಟೆಯ ಕಡೆ ಪದರುಪದರಾಗಿ ಏಳುವ ಸುಣ್ಣಕಲ್ಲು. ದಪ್ಪ ಗೋಡೆಗಳ ಒಳಗೆ ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ತೊಲೆಯನ್ನೂ ಜಂತೆಗಳನ್ನೂ ಹೊರಿಸಿ, ಸೀಳುಕಟ್ಟಿಗೆ, ಸೊಪ್ಪು, ಮಣ್ಣುಗಳನ್ನು ಕ್ರಮವಾಗಿ ಹಾಸುವರು. ಕಂಬಗಳ ನಡುವಣ ಅವಕಾಶವೇ ಅಂಕಣ. ಮನೆಯ ವಿಸ್ತಾರವನ್ನು ಇಷ್ಟು ಅಂಕಣವೆಂದೇ ಹೇಳುವುದು ವಾಡಿಕೆ. ಬಾಗಿಲೊಳಗಣ ತಗ್ಗಿನ ಅಂಕಣದಲ್ಲಿ ದನಗಳು, ಎತ್ತರದ ಪಡಸಾಲೆಯಲ್ಲಿ ಜನರು. ಬೆಳಕು ಬರಲೂ ಹೊಗೆ ಹೋಗಲೂ ಮಾಳಿಗೆಯಲ್ಲಿ ಬೆಳಕಿಂಡಿ. ಜೋಳದ ಸಂಗ್ರಹಕ್ಕೆ ನೆಲದೊಳಗಣ ಹಗೇವು.

ಈ ಮಾಳಿಗೆಯ ಮರ್ಮವಿರುವುದು ಮಣ್ಣಿನ ಆಯ್ಕೆಯಲ್ಲಿ. ಹೊಲದ ಎರೆಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಮೇಲ್ಪದರಿಗೆ ಆಗದು. ಸವಳು ಮಣ್ಣಾದರೋ, ತನ್ನಲ್ಲಿರುವ ಸೋಡಿಯಂ ಅಂಶದ ದೆಸೆಯಿಂದ, ನೀರು ತಾಗಿದೊಡನೆ ಸೂಕ್ಷ್ಮಕಣಗಳಾಗಿ ಬಿಡಿಸಿಕೊಂಡು ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೆಳೆಗೆ ಒಗ್ಗದ ಮಣ್ಣು ಹೀಗೆ ಮನೆಗೆ ಒದಗುತ್ತದೆ. ಮಳೆಗಾಲಕ್ಕೆ ಮುನ್ನ ಅದನ್ನು ಹೊಸದಾಗಿ ಹರಡಿ ಬಡಿದು ಗಟ್ಟಿಮಾಡಬೇಕು.

ಆದರೆ ಈ ಪದ್ಧತಿಯು ದೋಷರಹಿತವಾದುದಲ್ಲ. ಹಳೆಯದನ್ನು ತೆಗೆಯದೆ ಹೊಸ ಮಣ್ಣನ್ನೇ ಏರಿಸುತ್ತ ಹೋದರೆ ಮಾಳಿಗೆಯ ಭಾರವು ಬೆಳೆಯುತ್ತದೆ. 1993 ರ ಸೆಪ್ಟೆಂಬರ್ 30 ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ ಇಂಥವೇ ಮನೆಗಳು ಕುಸಿದು ಸಾವಿರಾರು ಜನರು ಮಡಿದರು. ಆದರೂ ಮರದ ಕಂಬಗಳೇ ಮಾಳಿಗೆಯನ್ನು ಹೊತ್ತಿದ್ದ ಹಲವು ಮನೆಗಳಲ್ಲಿ ಗೋಡೆ ಬಿದ್ದರೂ ಚೌಕಟ್ಟು ನಿಂತಿತು. ಆದುದರಿಂದ ಪ್ರಾಚೀನವೆಂಬ ಮಾತ್ರಕ್ಕೆ ಸರ್ವವನ್ನೂ ಹೊಗಳುವುದೂ, ಅಪಾಯಕರವೆಂದು ಸರ್ವವನ್ನೂ ತ್ಯಜಿಸುವುದೂ ಯುಕ್ತವಲ್ಲ. ಕಂಬವನ್ನು ಉಳಿಸಿಕೊಂಡು ಭಾರವನ್ನು ಇಳಿಸುವುದೇ ವಿವೇಕದ ಮಾರ್ಗ.

ಇನ್ನೊಂದು ವಿಪತ್ತು ನೀರಿನಿಂದ ಒದಗಿದುದು. 1964 ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟೂ ನಾರಾಯಣಪುರದ ಬಸವಸಾಗರವೂ ಬರಗಾಲದ ಸೀಮೆಗೆ ನೀರಾವರಿಯನ್ನು ತಂದುವು. ಜೊತೆಗೆ ಕೃಷ್ಣಾತೀರದ ಅನೇಕ ಗ್ರಾಮಗಳನ್ನು ಮುಳುಗಿಸಿದುವು. ಆಲಮಟ್ಟಿಯ ಜಲಮಟ್ಟವನ್ನು 519.60 ಮೀಟರಿನಿಂದ 524.256 ಕ್ಕೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010 ರಲ್ಲಿ ಸಮ್ಮತಿಸಿತು. ಮುಳುಗಡೆಯಲ್ಲಿ ಮನೆಗೆ ಬೆಲೆ ಕಟ್ಟಬಹುದು. ಸವಳು ಮಣ್ಣನ್ನು ಗುರುತಿಸುವ ಕಣ್ಣಿಗೆ ಬೆಲೆ ಕಟ್ಟುವ ರೀತಿಯಿಲ್ಲ. ಹೊಸ ಊರಿನ ಸಿಮೆಂಟಿನ ಮನೆಗೆ ಆ ಕಣ್ಣು ಬೇಕಾಗುವುದೂ ಇಲ್ಲ.

ಒಂದೆರಡು ವಾಡೆಗಳನ್ನು ವಸ್ತುಸಂಗ್ರಹಾಲಯ ಮಾಡಿದ ಮಾತ್ರಕ್ಕೆ ಈ ವಿದ್ಯೆ ಉಳಿಯದು. ಹಗೇವು ಇಲ್ಲದ ಮನೆಯಲ್ಲಿ ಬೆಳೆದ ಬಾಲಕನಿಗೆ ಆ ಶಬ್ದವು ನಿಘಂಟಿನ ಅರ್ಥಮಾತ್ರವಾಗುತ್ತದೆ. ಅಂಕಣವು ಪತ್ರಿಕೆಯ ಪುಟಕ್ಕಷ್ಟೇ ಸೇರಿದ ಮಾತಾಗುತ್ತದೆ. ಮನೆ ಕಟ್ಟಬಲ್ಲ ಹಿರಿಯರಿರುವಾಗಲೇ, ಸಾಹಿತ್ಯದ ಅಧ್ಯಾಪಕರು ವಿದ್ಯಾರ್ಥಿಗಳ ಮೂಲಕ ಊರೂರಿನ ಗೃಹಶಬ್ದಗಳನ್ನು ಅಳತೆ, ರೇಖಾಚಿತ್ರಗಳೊಡನೆ ಸಂಗ್ರಹಿಸುವುದು ಅತ್ಯಾವಶ್ಯಕ. ಮಣ್ಣು ಯಾವುದು, ಎಷ್ಟು ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನೂ ಅದರೊಡನೆ ಬರೆದಿಟ್ಟರೆ, ಆ ಸಂಗ್ರಹವು ಕೋಶಕಾರನಿಗಷ್ಟೇ ಅಲ್ಲದೆ ಮನೆ ಕಟ್ಟುವವನಿಗೂ ಉಪಯುಕ್ತವಾಗುವುದು.