ರೇಸಿನ ಸ್ಟಿಕ್ಕರು, ಕಬ್ಬಿನ ಟ್ರ್ಯಾಕ್ಟರು

ಕಬ್ಬಿನ ಹಂಗಾಮು ಹತ್ತಿರ ಬಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಟ್ರ್ಯಾಕ್ಟರುಗಳಿಗೆ ಆಯಿಲ್ ಚೇಂಜ್ ಮಾಡಿಸುವ ಗಡಿಬಿಡಿ. ಅಂಗಡಿಯ ಕೆಲವು ಡಬ್ಬಿಗಳ ಮೇಲೆ ರೇಸ್ ಕಾರು, ರೇಸ್ ಬೈಕಿನ ಚಿತ್ರ ಇರುತ್ತದೆ. ಎರಡು ಟ್ರೇಲರ್ ಕಬ್ಬು ಎಳೆಯುವ ಗಾಡಿಗೆ ಆ ಚಿತ್ರದಿಂದ ಆಗಬೇಕಾದ್ದೇನು?

ಈ ನಂಟಿನ ಬೇರು ನಮ್ಮ ಹೊಲದ ಬದುವಿನಲ್ಲೂ ಬೆಳೆಯುವ ಔಡಲದಲ್ಲಿದೆ. ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಲಂಡನ್ನಿನಲ್ಲಿ ಆಯಿಲ್ ಕಂಪನಿ ತೆರೆದ. 1909ರಲ್ಲಿ ಔಡಲೆಣ್ಣೆ ಬೆರೆಸಿದ ಅವನ ಆಯಿಲ್ ಕ್ಯಾಸ್ಟ್ರಾಲ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಔಡಲೆಣ್ಣೆ ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ. ಎಂಜಿನ್ ಕಾದಾಗಲೂ ಅದರ ಪದರ ಬೇಗ ಹರಿಯುವುದಿಲ್ಲ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಹಾಗಾಗಿ ಮೊದಲ ಮಹಾಯುದ್ಧದ ರೋಟರಿ ವಿಮಾನ ಎಂಜಿನ್ನುಗಳಿಗೆ ಅದೇ ಬೇಕಾಯಿತು. ಅದರ ಹೊಗೆ ಕುಡಿದ ಪೈಲಟ್‌ಗಳ ಹೊಟ್ಟೆಯ ಪಾಡು, ಚಿಕ್ಕಂದಿನಲ್ಲಿ ಮೂಗು ಹಿಡಿಸಿಕೊಂಡು ಔಡಲೆಣ್ಣೆ ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೊಂದು ದೊಡ್ಡ ದೋಷವಿತ್ತು: ಕಾದು ಆರಿದಂತೆಲ್ಲ ಅಂಟುಗಟ್ಟುತ್ತದೆ. ರೇಸಿನವರಿಗೆ ಅದರ ಚಿಂತೆಯಿರಲಿಲ್ಲ. ಓಟ ಮುಗಿದರೆ ಎಂಜಿನ್ ಬಿಚ್ಚಿ ತೊಳೆಯುತ್ತಿದ್ದರು. ನಮ್ಮ ಟ್ರ್ಯಾಕ್ಟರಿನ ಎಂಜಿನ್ ವರ್ಷಗಟ್ಟಲೆ ಬಿಚ್ಚುವುದೇ ಇಲ್ಲ. ರೇಸ್ ಆಯಿಲಿಗೂ ದುಡಿಮೆಯ ಆಯಿಲಿಗೂ ಇರುವ ಅಂತರವೆಲ್ಲ ಇದರಲ್ಲೇ ಇದೆ.

ವೇಕ್‌ಫೀಲ್ಡ್ ವೇಗದ ದಾಖಲೆಗಳಿಗೂ ಹಣ ಸುರಿದ. 1930ರಲ್ಲಿ ನೀರಿನ ಮೇಲೆ ದಾಖಲೆ ಮಾಡಿ ಅದೇ ದಿನ ಅಪಘಾತದಲ್ಲಿ ತೀರಿಕೊಂಡ ಹೆನ್ರಿ ಸೀಗ್ರೇವ್‌ನ ದೋಣಿಗೆ ದುಡ್ಡು ಹಾಕಿದವ ಅವನೇ. ಮುಂದೆ ಕಾಲಿನ್ ಎಡ್ವರ್ಡ್ಸ್ 2000 ಮತ್ತು 2002ರಲ್ಲಿ ಸೂಪರ್‌ಬೈಕ್ ವಿಶ್ವ ಚಾಂಪಿಯನ್ ಆಗಿದ್ದು ಕ್ಯಾಸ್ಟ್ರಾಲ್ ಬಣ್ಣದ ಹೋಂಡಾ ಮೇಲೆ. ಇದೆಲ್ಲ ಬರೀ ಜಾಹೀರಾತು ಅಂದರೆ ತಪ್ಪಾದೀತು. ರೇಸ್ ತಂಡಗಳು ಬಳಸಿದ ಆಯಿಲನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತವೆ. ಅದರಲ್ಲಿ ಕಬ್ಬಿಣ, ತಾಮ್ರ ಎಷ್ಟು ಸೇರಿದೆ ಎಂಬುದರ ಮೇಲೆ ಒಳಗೆ ಯಾವ ಭಾಗ ಸವೆಯುತ್ತಿದೆಯೆಂದು ಗೊತ್ತಾಗುತ್ತದೆ. ಗಣಿಯ ಲಾರಿಗಳಿಗೂ ಈಗ ಇಂಥದೇ ಪರೀಕ್ಷೆಯುಂಟು.

ಆದರೆ ಸಮೀರವಾಡಿ, ಹಿರೇಪಡಸಲಗಿ ಕಾರ್ಖಾನೆಗಳ ಮುಂದೆ ಪಾಳಿ ಹಚ್ಚುವ ಟ್ರ್ಯಾಕ್ಟರಿನ ಕಷ್ಟ ಬೇರೆ. ಭಾರ ಎಳೆಯುತ್ತ ನಿಧಾನ ನಡೆಯಬೇಕು, ನಿಂತಲ್ಲೇ ಎಂಜಿನ್ ಉರಿಯಬೇಕು. ಮಸಿ ಹೆಚ್ಚುತ್ತದೆ, ಆಮ್ಲ ಹುಟ್ಟುತ್ತದೆ. ಡೀಸೆಲ್ ಎಂಜಿನ್ ಆಯಿಲಿನಲ್ಲಿ ಈ ಮಸಿ ಗಡ್ಡೆಕಟ್ಟದಂತೆ ತೇಲಿಸಿಡುವ, ಆಮ್ಲ ಕೊಲ್ಲುವ ರಾಸಾಯನಿಕಗಳಿರುತ್ತವೆ. ಆದ್ದರಿಂದ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಕಪ್ಪಗೆ ಕಂಡರೆ ಗಾಬರಿ ಬೇಡ, ಅದು ಕೆಲಸ ಮಾಡುತ್ತಿದೆ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿರಬಹುದು, ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

ಹಾಗಾಗಿ ಡಬ್ಬಿಯ ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಸಣ್ಣ ಅಕ್ಷರ ಓದಿ. 15ಡಬ್ಲ್ಯೂ-40 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದಕ್ಕೆ, 40 ಕಾದ ಎಂಜಿನ್ನಿನಲ್ಲಿ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದಕ್ಕೆ. ಎಪಿಐ ಗುರುತಿನಲ್ಲಿ 'ಸಿ' ಇದ್ದರೆ ಡೀಸೆಲ್‌ಗೆ. ಸಿಎಚ್-4ಕ್ಕಿಂತ ಸಿಐ-4 ಹೊಸದು. ಗಾಡಿಯ ಮ್ಯಾನುವಲ್ ಹೇಳಿದ ದರ್ಜೆ ಸಿಕ್ಕರೆ ಸಾಕು. ಬೈಕಿಗಾದರೆ ಜಾಸೊ ಎಂಎ ಗುರುತು ನೋಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಬಹುದು. ಮಗ್ಗಕ್ಕೆ ಬಿಡುವ ಎಣ್ಣೆಯನ್ನು ಬನಹಟ್ಟಿಯಲ್ಲಿ ಯಾರಾದರೂ ಲಾರಿಗೆ ಹಾಕುತ್ತಾರೆಯೇ?

ಇನ್ನೊಂದು ಮಾತು. ಹೆಸರುವಾಸಿ ಬ್ರ್ಯಾಂಡಿನ ಖಾಲಿ ಡಬ್ಬಿಗೆ ನಕಲಿ ಆಯಿಲ್ ತುಂಬುವವರಿದ್ದಾರೆ. ಕೊಳ್ಳುವಾಗ ಸೀಲ್ ನೋಡಿ, ಡಬ್ಬಿ ಗುಜರಿಗೆ ಹಾಕುವ ಮುಂಚೆ ಒಂದು ಮೊಳೆಯಿಂದ ತಳಕ್ಕೆ ತೂತು ಹೊಡೆಯಿರಿ.