ಜಾವಾ–ಯೆಜ್ಡಿ: ಓಟದ ಕಣದಲ್ಲಿ ಗೆದ್ದ ಹೆಸರು ಮತ್ತೆ ಮಾರುಕಟ್ಟೆಗೆ

1960 ಮತ್ತು 70ರ ದಶಕಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ತಾಲೂಕು ಪೇಟೆಗಳಲ್ಲಿ ‘ಫಟಫಟಿ’ ಕೊಳ್ಳಬೇಕೆಂದು ಹೊರಟ ವರ್ತಕನಿಗಾಗಲಿ, ಅನುಕೂಲಸ್ಥ ರೈತನಿಗಾಗಲಿ ಇದ್ದ ಆಯ್ಕೆ ಬಹಳ ಸೀಮಿತವಾಗಿತ್ತು. ಮದರಾಸಿನ ಬುಲೆಟ್, ಎಸ್ಕಾರ್ಟ್ಸ್ ಸಂಸ್ಥೆಯ ರಾಜದೂತ್, ಮೈಸೂರಿನ ಜಾವಾ – ಇವು ಮೂರೇ ಪ್ರಮುಖ ಹೆಸರುಗಳು. ಇವುಗಳಲ್ಲಿ ಕನ್ನಡ ನೆಲದಲ್ಲಿ ತಯಾರಾಗುತ್ತಿದ್ದುದು ಜಾವಾ ಒಂದೇ. ಆ ಹೆಸರನ್ನು ‘ಮೈಸೂರಿನ ಗಾಡಿ’ ಎಂದು ಬಲ್ಲವರು ಅನೇಕರು. ಅದು ಜಗತ್ತಿನ ಅತಿ ಕಠಿಣ ಮೋಟಾರ್ ಸೈಕಲ್ ಸ್ಪರ್ಧೆಗಳಲ್ಲಿ ದಶಕಗಳ ಕಾಲ ಮುಂಚೂಣಿಯಲ್ಲಿದ್ದ ಒಂದು ತಂಡದ ಹೆಸರೂ ಹೌದು ಎಂಬುದನ್ನು ಬಲ್ಲವರು ಕಡಿಮೆ. ಆ ತಂಡ ಹೇಗೆ ಗೆದ್ದಿತು, ಹೇಗೆ ಹಿಂದೆ ಬಿದ್ದಿತು, ಅದರ ಹೆಸರು ಹೊತ್ತ ಮೈಸೂರಿನ ಕಾರ್ಖಾನೆ ಏಕೆ ಮುಚ್ಚಿತು, ಈಗ ಮರಳಿ ಬಂದಿರುವುದು ಏನು ಎಂಬ ಪ್ರಶ್ನೆಗಳು ಉದ್ದಿಮೆದಾರರ ಗಮನಕ್ಕೆ ಯೋಗ್ಯವಾಗಿವೆ.

ಆರು ದಿನಗಳ ಅಗ್ನಿಪರೀಕ್ಷೆ

ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನು ಜೋಡಿಸಿ ‘ಜಾವಾ’ ಎಂದು ಹೆಸರಿಟ್ಟನು. (ಚೆಕ್ ಜನರ ಉಚ್ಚಾರದಲ್ಲಿ ಅದು ‘ಯಾವಾ’. ಕನ್ನಡಿಗರ ಕಿವಿಗೆ ಅದು ಪ್ರಶ್ನೆಯಂತೆ ಕೇಳಿಸೀತು.) ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶವು ಜರ್ಮನರ ವಶದಲ್ಲಿದ್ದಾಗ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ರೂಪಿಸಿದ 250 ಸಿ.ಸಿ.ಯ ‘ಪೆರಾಕ್’ ಗಾಡಿಯು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳಕು ಕಂಡಿತು. ಯುದ್ಧಾನಂತರ ಕಂಪನಿಯು ರಾಷ್ಟ್ರೀಕರಣಗೊಂಡಿತು.

ಜಾವಾ ತಂಡದ ಕೀರ್ತಿಗೆ ಮೂಲ ‘ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್’ ಎಂಬ ಸ್ಪರ್ಧೆ. 1913ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ವೇಗವೊಂದೇ ನಿರ್ಣಾಯಕವಲ್ಲ. ಆರು ದಿನ ಕಾಡು, ಕಲ್ಲು, ಕೆಸರಿನ ದಾರಿಯಲ್ಲಿ ನಿಗದಿತ ಸಮಯಕ್ಕೆ ಸರಿಯಾಗಿ ಒಂದೊಂದು ಠಾಣೆಯನ್ನು ತಲುಪಬೇಕು. ತಡವಾದರೆ ಅಂಕ ನಷ್ಟ. ರಾತ್ರಿ ಗಾಡಿಗಳನ್ನು ಬೀಗಮುದ್ರೆಯ ಆವರಣದಲ್ಲಿ ಇಡಬೇಕು, ಯಾರೂ ಮುಟ್ಟುವಂತಿಲ್ಲ. ದಾರಿಯಲ್ಲಿ ಕೆಟ್ಟರೆ ಸವಾರನೇ ತನ್ನ ಕೈಯಿಂದ ರಿಪೇರಿ ಮಾಡಿಕೊಳ್ಳಬೇಕು. ಒಟ್ಟಿನಲ್ಲಿ ಇದು ಗಾಡಿಯ ತಾಳಿಕೆಯನ್ನೂ, ಸವಾರನ ಮೆಕ್ಯಾನಿಕ್ ಬುದ್ಧಿಯನ್ನೂ ಒಟ್ಟಿಗೆ ಅಳೆಯುವ ಪರೀಕ್ಷೆ.

ಈ ಸ್ಪರ್ಧೆಯ ವಿಶ್ವ ಟ್ರೋಫಿಯನ್ನು ಜೆಕೊಸ್ಲೊವಾಕಿಯಾ 1947ರಿಂದ 1982ರ ಅವಧಿಯಲ್ಲಿ 15 ಬಾರಿ ಗೆದ್ದಿತು. 1970ರಿಂದ 1974ರವರೆಗೆ ಸತತ ಐದು ವರ್ಷ ಟ್ರೋಫಿ ಆ ದೇಶದ ಕೈಬಿಡಲಿಲ್ಲ. ತಂಡದ ಗಾಡಿಗಳು ಜಾವಾ ಮತ್ತು ಅದರ ಸೋದರ ಸಂಸ್ಥೆ ಸಿ.ಝಡ್. ತಯಾರಿಸಿದವು. ಗುಡ್ಡಗಾಡಿನ ಓಟವಾದ ಮೋಟೊಕ್ರಾಸ್‌ನಲ್ಲಿಯೂ ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ ಸಿ.ಝಡ್. ಏರಿ 250 ಸಿ.ಸಿ. ವಿಶ್ವ ಪ್ರಶಸ್ತಿ ಗೆದ್ದನು. 1968 ಮತ್ತು 1969ರಲ್ಲಿ ಪುನಃ ಗೆದ್ದನು. ರಸ್ತೆ ಓಟದಲ್ಲಿ ಫ್ರಾಂಟಿಶೆಕ್ ಶ್ತ್ಯಾಸ್ತ್ನಿ 1961ರಲ್ಲಿ ಜಾವಾ ಗಾಡಿಯಲ್ಲಿ 350 ಸಿ.ಸಿ. ವಿಭಾಗದ ಎರಡು ಗ್ರ್ಯಾನ್ ಪ್ರಿಗಳನ್ನು ಗೆದ್ದು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದ್ವಿತೀಯ ಸ್ಥಾನ ಪಡೆದನು.

ಇಷ್ಟೆಲ್ಲ ಗೆಲುವುಗಳ ಹಿಂದಿದ್ದುದು ಒಂದು ಸರಳ ವ್ಯವಸ್ಥೆ. ಸ್ಪರ್ಧೆಯಲ್ಲಿ ಮುರಿದ ಭಾಗ ಮರಳಿ ಕಾರ್ಖಾನೆಗೆ ಬರುತ್ತಿತ್ತು; ಮುಂದಿನ ಗಾಡಿಯಲ್ಲಿ ಅದು ಗಟ್ಟಿಯಾಗಿರುತ್ತಿತ್ತು. ಓಟದ ವಿಭಾಗವು ಜಾಹೀರಾತಿನ ಖರ್ಚಲ್ಲ, ಪ್ರಯೋಗಶಾಲೆಯ ಖರ್ಚು ಎಂಬ ತಿಳಿವಳಿಕೆ ಅಲ್ಲಿತ್ತು.

ಆದರೆ ಆ ಖರ್ಚನ್ನು ಇನ್ನೂ ಧಾರಾಳವಾಗಿ ಮಾಡಬಲ್ಲವರು ಪೂರ್ವದಲ್ಲಿ ಹುಟ್ಟಿಕೊಂಡಿದ್ದರು. 1969ರಲ್ಲಿ ಜಾವಾ ತನ್ನ ನಾಲ್ಕು ಸಿಲಿಂಡರಿನ 350 ಸಿ.ಸಿ. ಟೂ-ಸ್ಟ್ರೋಕ್ ಗಾಡಿಯನ್ನು ಇಂಗ್ಲೆಂಡಿನ ಬಿಲ್ ಐವಿಗೆ ಒಪ್ಪಿಸಿತು. ಆತ ಅಗೋಸ್ಟಿನಿಯಂತಹ ದಿಗ್ಗಜನ ಬೆನ್ನು ಹತ್ತಿದ್ದನು. ಅದೇ ವರ್ಷದ ಜುಲೈ ತಿಂಗಳಲ್ಲಿ ಸಾಕ್ಸೆನ್‌ರಿಂಗ್ ಕಣದಲ್ಲಿ ಅಭ್ಯಾಸದ ವೇಳೆ ನಡೆದ ಅಪಘಾತದಲ್ಲಿ ಐವಿ ಅಸುನೀಗಿದನು. ಮರುವರ್ಷ, 1970ರಲ್ಲಿ, ಜೋಯೆಲ್ ರಾಬರ್ಟ್ ಸಿ.ಝಡ್. ತೊರೆದು ಜಪಾನಿನ ಸುಜುಕಿ ಸೇರಿದನು. 1970, 71, 72ರ ಪ್ರಶಸ್ತಿಗಳು ಸುಜುಕಿಯ ಪಾಲಾದವು. ಯೋಜಿತ ಅರ್ಥವ್ಯವಸ್ಥೆಯ ಕಾರ್ಖಾನೆಗೆ ವಾರ್ಷಿಕ ಉತ್ಪಾದನೆಯ ಗುರಿ ಮುಖ್ಯವಾಗಿತ್ತು. ಜಪಾನೀಯರಂತೆ ಪ್ರತಿ ವರ್ಷ ಹೊಸ ಎಂಜಿನ್ ಹೊರತರುವ ಒತ್ತಡವಾಗಲಿ ಹಣವಾಗಲಿ ಅದಕ್ಕಿರಲಿಲ್ಲ. ಆರು ದಿನಗಳ ಸ್ಪರ್ಧೆಯಲ್ಲಿ ಮಾತ್ರ ಹಳೆಯ ಗಟ್ಟಿತನ ಇನ್ನೊಂದು ದಶಕ ಕೈಹಿಡಿಯಿತು.

ಯಾದವಗಿರಿಯ ಕಾರ್ಖಾನೆ

1950ರ ದಶಕದಲ್ಲಿ ಆಮದಿನ ಮೇಲೆ ನಿರ್ಬಂಧ ಬಿಗಿಯಾದಾಗ, ವಿದೇಶಿ ಗಾಡಿಗಳನ್ನು ತರಿಸಿ ಮಾರುತ್ತಿದ್ದವರಿಗೆ ಎರಡೇ ದಾರಿ ಉಳಿದವು: ಅಂಗಡಿ ಮುಚ್ಚುವುದು, ಇಲ್ಲವೇ ಇಲ್ಲಿಯೇ ತಯಾರಿಸುವುದು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಎರಡನೆಯ ದಾರಿ ಹಿಡಿದರು. 1960ರಲ್ಲಿ ಐಡಿಯಲ್ ಜಾವಾ (ಇಂಡಿಯಾ) ಲಿಮಿಟೆಡ್ ಸ್ಥಾಪನೆಯಾಯಿತು. 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು ಅಂದಿನ ರಾಜ್ಯಪಾಲರಾದ ಜಯಚಾಮರಾಜ ಒಡೆಯರ್ ಅವರು ಉದ್ಘಾಟಿಸಿದರು. 1970ರ ದಶಕದ ಆರಂಭದಲ್ಲಿ ಚೆಕ್ ಕಂಪನಿಯೊಡನೆ ಇದ್ದ ಒಪ್ಪಂದ ಮುಗಿದ ಮೇಲೆ ಗಾಡಿಗೆ ‘ಯೆಜ್ಡಿ’ ಎಂದು ಹೆಸರಾಯಿತು. ಇರಾನ್ ದೇಶದ ಯಜ್ದ್ ನಗರದಿಂದ ಈ ಹೆಸರು ಬಂದಿತೆಂದು ಹೇಳುವುದುಂಟು.

ವಿಜಯಪುರ ಜಿಲ್ಲೆಯ ಎರೆಭೂಮಿಯ ದಾರಿಗಳಿಗೆ ಈ ಗಾಡಿ ಏಕೆ ಹೊಂದುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಹತ್ತಿಕೊಂಡರೆ ಎತ್ತಿನ ಬಂಡಿಯೂ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ನುಣುಪು ಧೂಳಾಗಿ ಎಲ್ಲ ಸಂದುಗಳಿಗೂ ನುಗ್ಗುತ್ತದೆ. ಜಾವಾದ ಚೈನು ತಗಡಿನ ಪೆಟ್ಟಿಗೆಯೊಳಗೆ ಪೂರ್ತಿ ಮುಚ್ಚಿಕೊಂಡಿತ್ತು. ಎಂಜಿನ್ನಿನಲ್ಲಿ ವಾಲ್ವುಗಳೇ ಇರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದರೆ ಸಾಕು. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದಾಗ ಗೇರ್ ಸನ್ನೆಯಾಗುತ್ತಿತ್ತು. ಗೇರ್ ಬದಲಿಸುವಾಗ ಕ್ಲಚ್ ಹಿಡಿಯದಿದ್ದರೂ ನಡೆಯುತ್ತಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ನಾಲ್ಕು ಸ್ಪ್ಯಾನರ್ ಇದ್ದ ಯಾವುದೇ ಹಳ್ಳಿಯ ಮೇಸ್ತ್ರಿ ಎಂಜಿನ್ ಬಿಚ್ಚಿ ಸಂಜೆಯೊಳಗೆ ಜೋಡಿಸಬಲ್ಲವನಾಗಿದ್ದನು. ಯುರೋಪಿನ ಕಾಡುಗಳಲ್ಲಿ ಆರು ದಿನ ತಾಳಲೆಂದು ಬೆಳೆಸಿದ ಗುಣಗಳೇ ಸಂತೆಗೆ ಹೊರಟ ದಾಲಾಲನಿಗೂ, ತೋಟಕ್ಕೆ ಹೊರಟ ರೈತನಿಗೂ ಒದಗಿಬಂದವು.

ಅದೇ ಸರಳತೆಯು ಓಟಗಾರರಿಗೂ ಅನುಕೂಲವಾಯಿತು. ಮದರಾಸಿನ ಬಳಿಯ ಶೋಲಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಓಟಗಳಲ್ಲಿ ಜಾವಾ ಮತ್ತು ಯೆಜ್ಡಿಗಳು ಮನೆಮಾತಾಗಿದ್ದವು. ಟೂ-ಸ್ಟ್ರೋಕ್ ಎಂಜಿನ್ನಿನ ಪೋರ್ಟುಗಳನ್ನು ಅರದಿಂದ ಉಜ್ಜಿ ಅಗಲಿಸುವುದು, ಹೆಡ್ಡನ್ನು ಕೊರೆಸಿ ಒತ್ತಡ ಹೆಚ್ಚಿಸುವುದು, ಸೈಲೆನ್ಸರಿನ ಆಕಾರ ಬದಲಿಸುವುದು – ಇವಿಷ್ಟರಿಂದಲೇ ಶಕ್ತಿ ಗಣನೀಯವಾಗಿ ಏರುತ್ತಿತ್ತು. ದಕ್ಷಿಣ ಭಾರತದ ಒಂದು ತಲೆಮಾರಿನ ಟ್ಯೂನರುಗಳು ಕೆಲಸ ಕಲಿತದ್ದು ಇಂತಹ ಎಂಜಿನ್ನುಗಳ ಮೇಲೆಯೇ.

ನಿಂತ ನೀರು

1978ರಲ್ಲಿ ಬಂದ ‘ರೋಡ್‌ಕಿಂಗ್’ ಯೆಜ್ಡಿಯ ಅತ್ಯುತ್ತಮ ಗಾಡಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಗಾಡಿ ಹೆಚ್ಚು ಬದಲಾವಣೆಯಿಲ್ಲದೆ ಮುಂದಿನ 18 ವರ್ಷ ತಯಾರಾಯಿತು ಎಂಬುದೇ ಆ ಕಾರ್ಖಾನೆಯ ಕಥೆಯನ್ನು ಹೇಳುತ್ತದೆ. ಪರವಾನಗಿ ವ್ಯವಸ್ಥೆಯಲ್ಲಿ ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಕಾಯುವ ಗಿರಾಕಿ ಇರುವಾಗ ಹೊಸ ಎಂಜಿನ್ನಿಗೆ ಬಂಡವಾಳ ಹೂಡಲು ಯಾರಿಗೂ ಅವಸರವಿರುವುದಿಲ್ಲ.

1980ರ ದಶಕದಲ್ಲಿ ಬಾಗಿಲು ತೆರೆಯಿತು. 1983ರಲ್ಲಿ ಯಮಹಾ ತಂತ್ರಜ್ಞಾನದ ರಾಜದೂತ್ 350, ಅನಂತರ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100, ಅದರ ಬೆನ್ನಿಗೇ ಕಾವಾಸಾಕಿ ಬಜಾಜ್ ಬಂದವು. ಓಟದ ಕಣದಲ್ಲಿ ಯಮಹಾ ಮತ್ತು ಸುಜುಕಿ ಮುಂದಾದವು. ಹೀರೋ ಹೋಂಡಾ ಕಣದಲ್ಲಿ ಓಡಲಿಲ್ಲವಾದರೂ ನಿಜವಾದ ಪೆಟ್ಟು ಕೊಟ್ಟದ್ದು ಅದೇ. ಫೋರ್-ಸ್ಟ್ರೋಕ್ ಎಂಜಿನ್ನಿನ ಆ ಗಾಡಿ ಲೀಟರಿಗೆ 80 ಕಿ.ಮೀ. ಎಂದು ಘೋಷಿಸಿಕೊಂಡು ಬಂದಾಗ, ಸುಡದ ಪೆಟ್ರೋಲಿನ ಒಂದಂಶವನ್ನು ಹೊಗೆಯೊಡನೆ ಹೊರಗಟ್ಟುವ 250 ಸಿ.ಸಿ. ಟೂ-ಸ್ಟ್ರೋಕ್ ಗಾಡಿಯ ಲೆಕ್ಕ ಯಾವ ವರ್ತಕನ ಖಾತೆಪುಸ್ತಕದಲ್ಲಿಯೂ ಕೂಡುವಂತಿರಲಿಲ್ಲ. 1991ರಲ್ಲಿ ಮೊದಲಾದ ಹೊಗೆ ನಿಯಂತ್ರಣದ ನಿಯಮಗಳು 1996ರಲ್ಲಿ ಬಿಗಿಯಾದವು. ಅದೇ ವರ್ಷ ಯಾದವಗಿರಿಯ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. 2001ರಲ್ಲಿ ಕಂಪನಿಯು ಹೈಕೋರ್ಟಿನ ಆದೇಶದಂತೆ ಸಮಾಪನಗೊಂಡು ಅಧಿಕೃತ ಲಿಕ್ವಿಡೇಟರ್ ಕೈಸೇರಿತು.

ಹೆಸರು ಯಾರದು?

ಇಲ್ಲಿಂದ ಮುಂದಿನದು ವಾಣಿಜ್ಯ ಕಾನೂನಿನ ವಿದ್ಯಾರ್ಥಿಗಳಿಗೂ ಪಾಠವಾಗಬಲ್ಲ ಪ್ರಕರಣ. ಮಹೀಂದ್ರ ಸಮೂಹ, ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿ ಸೇರಿ ಕಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು 2018ರ ನವೆಂಬರ್ 15ರಂದು ಜಾವಾವನ್ನು ಭಾರತೀಯ ಮಾರುಕಟ್ಟೆಗೆ ಮರಳಿ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯನ್ನೂ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು, ‘ಯೆಜ್ಡಿ’ ಎಂಬ ಹೆಸರು ಸಮಾಪನದಲ್ಲಿರುವ ಐಡಿಯಲ್ ಜಾವಾದ ಆಸ್ತಿ ಎಂದು ತೀರ್ಪಿತ್ತಿತು. ಹೆಸರು ಕಂಪನಿಯ ಆಸ್ತಿಯಾದರೆ ಅದರ ಮಾರಾಟದ ಹಣ ಸಾಲಗಾರರಿಗೂ ಹಳೆಯ ಕಾರ್ಮಿಕರಿಗೂ ಸಲ್ಲಬೇಕಾಗುತ್ತದೆ. ಮೇಲ್ಮನವಿಯಲ್ಲಿ ಆ ತೀರ್ಪಿಗೆ ತಡೆ ಬಂದು, ಕೊನೆಗೆ 2025ರ ನವೆಂಬರಿನಲ್ಲಿ ವಿಭಾಗೀಯ ಪೀಠವು ಅದನ್ನು ರದ್ದುಗೊಳಿಸಿ ಬೊಮನ್ ಇರಾನಿ ಮತ್ತು ಕ್ಲಾಸಿಕ್ ಲೆಜೆಂಡ್ಸ್ ಪರವಾಗಿ ತೀರ್ಮಾನಿಸಿತು.

ಕಾರ್ಖಾನೆಯ ಯಂತ್ರಗಳು ಗುಜರಿಯಾಗಿ ಹೋಗಬಹುದು, ಆದರೆ ಕಾಲು ಶತಮಾನದ ನಂತರವೂ ಎರಡು ಪಕ್ಷಗಳು ವಕೀಲರನ್ನಿಟ್ಟು ಹೋರಾಡುವಷ್ಟು ಬೆಲೆ ಹೆಸರಿಗೆ ಇರುತ್ತದೆ. ಇಂಡಿಯ ಲಿಂಬೆ ಬೆಳೆಗಾರರಿಗೆ ಇದು ಅರ್ಥವಾಗದ ಮಾತಲ್ಲ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತು, 2025ರಲ್ಲಿ ಆ ಹೆಸರಿನಡಿ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹಣ್ಣು ರಫ್ತಾಯಿತು. ವ್ಯತ್ಯಾಸವಿಷ್ಟೆ: ಟ್ರೇಡ್‌ಮಾರ್ಕನ್ನು ಮಾರಬಹುದು, ಕೊಳ್ಳಬಹುದು, ಭೌಗೋಳಿಕ ಸೂಚಕವನ್ನು ಯಾರೂ ಪರಭಾರೆ ಮಾಡುವಂತಿಲ್ಲ. ಮೈಸೂರಿನ ಗಾಡಿಯ ಹೆಸರು ಮೈಸೂರನ್ನು ಬಿಟ್ಟು ಹೋಗಬಹುದು, ಇಂಡಿಯ ಲಿಂಬೆಯ ಹೆಸರು ಇಂಡಿಯನ್ನು ಬಿಟ್ಟು ಹೋಗಲಾರದು.

ಪುನರುಜ್ಜೀವನದ ಲೆಕ್ಕ

ಹೊಸ ಜಾವಾ ಹಳೆಯದರ ರೂಪವನ್ನು ಹೊತ್ತಿದೆ, ಹೃದಯ ಬೇರೆ. 293 ಸಿ.ಸಿ.ಯ, ದ್ರವದಿಂದ ತಂಪಾಗುವ ಫೋರ್-ಸ್ಟ್ರೋಕ್ ಎಂಜಿನ್ನಿನೊಡನೆ ಬಂದ ಈ ಗಾಡಿಗೆ ಮೊದಲ ದಿನಗಳಲ್ಲಿ ಬಂದ ಬೇಡಿಕೆ ಎಷ್ಟಿತ್ತೆಂದರೆ, ಮುಂಗಡ ನೀಡಿದವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಈ ವಿಳಂಬವೇ ಆರಂಭದ ಉತ್ಸಾಹಕ್ಕೆ ಭಂಗ ತಂದಿತು. ನೆನಪಿನ ಬಲದಿಂದ ಗಿರಾಕಿಯನ್ನು ಅಂಗಡಿಗೆ ಕರೆತರಬಹುದು, ಕಾಯಿಸಲಾಗದು. ಯೆಜ್ಡಿಯ 334 ಸಿ.ಸಿ. ಗಾಡಿಗಳು ಮತ್ತು 2024ರ ಜಾವಾ 350 ಈ ಸಾಲನ್ನು ವಿಸ್ತರಿಸಿವೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದು, ಅದಕ್ಕಿಂತ ದೊಡ್ಡ ಗಾಡಿಗಳ ತೆರಿಗೆ ಶೇ. 40ಕ್ಕೆ ಏರಿದೆ. ಈ ಸಂಸ್ಥೆಯ ಜಾವಾ, ಯೆಜ್ಡಿಗಳು ಅಗ್ಗವಾದ ಬದಿಯಲ್ಲಿಯೇ ನಿಂತಿರುವುದು ಅದೃಷ್ಟವೆನ್ನಬೇಕು.

ಆದರೂ ಹಳೆಯ ಕೀರ್ತಿಯ ಅರ್ಧಭಾಗ ಇನ್ನೂ ಮರಳಿಲ್ಲ. ಪುನರಾಗಮನದ ಪ್ರಚಾರವೆಲ್ಲ ನೆನಪಿನ ಸುತ್ತ ಹೆಣೆದಿದೆಯೇ ಹೊರತು ಓಟದ ಸುತ್ತ ಅಲ್ಲ. ಟಿ.ವಿ.ಎಸ್. ಸಂಸ್ಥೆಯು 1982ರಿಂದಲೂ ಕಾರ್ಖಾನೆಯ ಓಟದ ತಂಡವನ್ನು ಬಿಡದೆ ನಡೆಸಿಕೊಂಡು ಬಂದು, ಅಲ್ಲಿ ಕಲಿತದ್ದನ್ನು ಅಪಾಚೆ ಗಾಡಿಗಳಲ್ಲಿ ಮಾರುತ್ತಿದೆ. ರಾಯಲ್ ಎನ್‌ಫೀಲ್ಡ್ 2021ರಿಂದ ತನ್ನದೇ ಗಾಡಿಗಳ ಓಟದ ಸರಣಿಯನ್ನು ಕಣಕ್ಕಿಳಿಸಿದೆ. ಆರು ದಿನಗಳ ಟ್ರೋಫಿಯನ್ನು 15 ಬಾರಿ ಗೆದ್ದ ಪರಂಪರೆಯ ಹೆಸರು ಇವರೆದುರು ಕಚ್ಚಾದಾರಿಯ ಸ್ಪರ್ಧೆಗಾದರೂ ಇಳಿಯದಿದ್ದರೆ, ಅದು ಕೇವಲ ಟ್ಯಾಂಕಿನ ಮೇಲಿನ ಅಕ್ಷರವಾಗಿ ಉಳಿದೀತು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರು, ಬೆಂಗಳೂರು ಮುಂತಾದ ಊರುಗಳಲ್ಲಿ ಹಳೆಯ ಜಾವಾ–ಯೆಜ್ಡಿಗಳನ್ನು ಒರೆಸಿ ಹೊರತೆಗೆದು ಮೆರವಣಿಗೆ ಹೊರಡುವ ಅಭಿಮಾನಿಗಳ ನಿರೀಕ್ಷೆಯೂ ಇದಕ್ಕಿಂತ ದೊಡ್ಡದಾಗಿರಬೇಕು.

ತಾಲೂಕು ಪೇಟೆಗಳ ಮಟ್ಟಿಗೆ ಪ್ರಶ್ನೆ ಇನ್ನೂ ವ್ಯಾವಹಾರಿಕವಾದುದು. ಹಳೆಯ ಯೆಜ್ಡಿಯನ್ನು ಬಸವನ ಬಾಗೇವಾಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಬಿಚ್ಚಿ ಜೋಡಿಸಲು ಸ್ಪ್ಯಾನರ್ ಸಾಕಾಗಿತ್ತು. 2020ರ ಬಿ.ಎಸ್. 6 ನಿಯಮದ ನಂತರದ ಗಾಡಿಗೆ ಇಂಧನ ಇಂಜೆಕ್ಷನ್, ಸೆನ್ಸರ್, ಅವುಗಳ ದೋಷ ಓದುವ ಯಂತ್ರ ಬೇಕು; ಆ ಯಂತ್ರವನ್ನು ನಡೆಸಬಲ್ಲ ತರುಣ ಬೇಕು. ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅಲ್ಲಿಂದ ಬಿಡಿಭಾಗ ಸಿಂದಗಿಗೆ ಎಷ್ಟು ದಿನಕ್ಕೆ ಬರುತ್ತದೆ, ಅದನ್ನು ಹಾಕಿಕೊಡುವ ಅಂಗಡಿ ಎಷ್ಟು ದೂರದಲ್ಲಿದೆ ಎಂಬುದನ್ನು ಕೇಳಿಯೇ ಇಲ್ಲಿನ ಗಿರಾಕಿ ಮುಂಗಡ ಕೊಡುತ್ತಾನೆ.