ಎರಡು ನೀರುಗಳ ನಡುವಿನ ತೆಳು ತಗಡು

ಬ್ರಿಟನ್ನಿನ ಮನೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಕಾಂಬಿ’ ಬಾಯ್ಲರ್, ಕೋಣೆಗಳನ್ನು ಬೆಚ್ಚಗಿಡುವ ಕೆಲಸವನ್ನೂ ನಲ್ಲಿಗೆ ಬಿಸಿನೀರು ಒದಗಿಸುವ ಕೆಲಸವನ್ನೂ ಒಂದೇ ಪೆಟ್ಟಿಗೆಯಲ್ಲಿ ನಿರ್ವಹಿಸುವ ಯಂತ್ರ. ಅದರೊಳಗೆ ಎಂದೂ ಬೆರೆಯಬಾರದ ಎರಡು ನೀರುಗಳು ಹರಿಯುತ್ತವೆ: ಒಂದು, ಗ್ಯಾಸಿನ ಉರಿಯಲ್ಲಿ ಕಾದು, ಪಂಪಿನ ಬಲದಿಂದ ರೇಡಿಯೇಟರ್‌ಗಳಲ್ಲಿ ಸುತ್ತಿ ಮರಳುವ ಮುಚ್ಚಿದ ಸುತ್ತಿನ ನೀರು, ಇನ್ನೊಂದು, ಊರಿನ ಸರಬರಾಜಿನಿಂದ ಬಂದು ನಲ್ಲಿಯಲ್ಲಿ ಬೀಳುವ ಬಳಕೆಯ ನೀರು. ಬಿಸಿನೀರಿನ ನಲ್ಲಿ ತೆರೆದೊಡನೆ ನೀರಿನ ಚಲನೆಯನ್ನು ಗುರುತಿಸುವ ಹರಿವಿನ ಸಂವೇದಕವು ಬಾಯ್ಲರಿಗೆ ಸೂಚನೆ ಕೊಡುತ್ತದೆ. ಆಗ ದಿಕ್ಕು ಬದಲಿಸುವ ಕವಾಟವು ಸುತ್ತಿನ ನೀರನ್ನು ರೇಡಿಯೇಟರ್‌ಗಳಿಂದ ತಪ್ಪಿಸಿ ತಗಡಿನ ಶಾಖ ವಿನಿಮಯಕದತ್ತ ಹರಿಸುತ್ತದೆ.

ರಿಚರ್ಡ್ ಸೆಲಿಗ್‌ಮನ್ 1923ರಲ್ಲಿ ಹಾಲಿನ ಪಾಶ್ಚರೀಕರಣಕ್ಕೆಂದು ರೂಪಿಸಿದ ಸಾಧನದ ವಂಶಕ್ಕೇ ಸೇರಿದ ಈ ವಿನಿಮಯಕವು ಅಲೆಯಲೆಯಾಗಿ ಒತ್ತಿದ ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ಸಾಲಾಗಿ ಬೆಸೆದ ಗಟ್ಟಿ. ತಗಡುಗಳ ನಡುವಣ ಸಂದುಗಳಲ್ಲಿ ಒಂದು ಬಿಟ್ಟು ಒಂದರಂತೆ ಎರಡು ನೀರುಗಳು ಎದುರು ದಿಕ್ಕಿನಲ್ಲಿ ಹರಿಯುವುದರಿಂದ, ನೀರು ಬೆರೆಯದೆ ಶಾಖ ಮಾತ್ರ ದಾಟುತ್ತದೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕಾಗುವುದರಿಂದ, 24 ಕಿಲೋವ್ಯಾಟ್ ಬಾಯ್ಲರ್ ನಿಮಿಷಕ್ಕೆ ಹತ್ತು ಲೀಟರಿಗೆ ತುಸು ಕಡಿಮೆ ನೀರನ್ನು ಮಾತ್ರ 35 ಡಿಗ್ರಿಯಷ್ಟು ಏರಿಸಬಲ್ಲದು. ಅದಕ್ಕಿಂತ ಹೆಚ್ಚು ನೀರು ಹರಿಸಿದಾಗ ಅದು ಉಗುರುಬೆಚ್ಚಗೆ ಬಂದರೆ ಅದು ದೋಷವಲ್ಲ, ಯಂತ್ರದ ಮಿತಿ. ಆದ್ದರಿಂದ ತಪಾಸಣೆಯ ಮೊದಲ ಹೆಜ್ಜೆ ಬಿಡಿಭಾಗ ಬಿಚ್ಚುವುದಲ್ಲ, ಹರಿವನ್ನೂ ತಾಪಮಾನವನ್ನೂ ಅಳೆಯುವುದು.

ವಿನಿಮಯಕದ ಎರಡು ಬದಿಗಳಿಗೆ ಎರಡು ಬೇರೆ ರೋಗಗಳು ತಗಲುತ್ತವೆ. ಬಳಕೆಯ ನೀರಿನ ಬದಿಯಲ್ಲಿ ಕಟ್ಟುವುದು ಸುಣ್ಣದ ಹಕ್ಕಳೆ: ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಕಾದಾಗ ವಿಭಜನೆಗೊಂಡು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಗಡಿಗೆ ಅಂಟಿ ಶಾಖವನ್ನು ತಡೆಯುತ್ತದೆ. ಸೀಮೆಸುಣ್ಣದ ಕಲ್ಲಿನ ನೆಲವಿರುವ ಆಗ್ನೇಯ ಇಂಗ್ಲೆಂಡಿನಲ್ಲಿ ಇದು ಹೆಚ್ಚು, ಮೆದು ನೀರಿನ ಸ್ಕಾಟ್ಲೆಂಡಿನಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳ ಗೀಸರ್‌ಗಳಲ್ಲಿ ಕಟ್ಟುವ ಬಿಳಿ ಹಕ್ಕಳೆಯೂ ಇದೇ ಕ್ರಿಯೆಯ ಫಲ. ಮುಚ್ಚಿದ ಸುತ್ತಿನ ಬದಿಯಲ್ಲಿ ಸೇರುವುದು ಮ್ಯಾಗ್ನಟೈಟ್, ಅಂದರೆ ಉಕ್ಕಿನ ರೇಡಿಯೇಟರ್‌ಗಳು ಒಳಗೊಳಗೇ ತುಕ್ಕು ಹಿಡಿದಾಗ ಹುಟ್ಟುವ, ಅಯಸ್ಕಾಂತಕ್ಕೆ ಅಂಟುವ ಕಪ್ಪು ಕೆಸರು.

ರೋಗ ಎಲ್ಲಿದೆ ಎಂಬುದನ್ನು ಲಕ್ಷಣಗಳೇ ಬಹುಮಟ್ಟಿಗೆ ತಿಳಿಸುತ್ತವೆ. ತಣ್ಣೀರಿನ ನಲ್ಲಿ ರಭಸವಾಗಿ ಹರಿಯುತ್ತಿದ್ದು ಬಿಸಿನೀರಿನದು ಮಾತ್ರ ಸೊರಗಿದ್ದರೆ, ಒಳಬರುವ ಕೊಳವೆಯ ಜಾಲರಿಯಾಗಲಿ ವಿನಿಮಯಕದ ಬಳಕೆಯ ಬದಿಯಾಗಲಿ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಹರಿವು ಸರಿಯಿದ್ದೂ ನೀರು ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬರುತ್ತಿದ್ದರೆ ಶಾಖ ದಾಟುತ್ತಿಲ್ಲವೆಂದು ಶಂಕಿಸಬೇಕು; ಶಾಖ ಕಳೆದುಕೊಳ್ಳದ ಸುತ್ತಿನ ನೀರು ಬೇಗನೆ ತಾಪಮಿತಿ ಮುಟ್ಟಿ ಬರ್ನರ್ ಆರುತ್ತದೆ, ತಣಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ನಲ್ಲಿಯನ್ನು ಮಾತ್ರ ತೆರೆದಾಗಲೂ ರೇಡಿಯೇಟರ್‌ಗಳು ಬಿಸಿಯಾದರೆ ದಿಕ್ಕು ಬದಲಿಸುವ ಕವಾಟ ಪೂರ್ತಿ ತಿರುಗುತ್ತಿಲ್ಲ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕಾದ ಸುತ್ತಿನ ಒತ್ತಡ ತಾನಾಗಿಯೇ ಏರುತ್ತಿದ್ದರೆ, ನೀರು ತುಂಬಿಸುವ ಕವಾಟ ಸೋರುತ್ತಿರಬಹುದು, ಇಲ್ಲವೇ ತಗಡು ತೂತಾಗಿ ಹೆಚ್ಚಿನ ಒತ್ತಡದ ಸರಬರಾಜಿನ ನೀರು ಒಳನುಗ್ಗುತ್ತಿರಬಹುದು.

ಸುತ್ತಿನ ನೀರನ್ನು ಕಾಯಿಸುವ ಇನ್ನೊಂದು ಶಾಖ ವಿನಿಮಯಕ ಉರಿಯ ಬಳಿಯೇ ಇರುತ್ತದೆ. ಅಲ್ಲಿ ಹಕ್ಕಳೆ ಕಟ್ಟಿದರೆ ಅಥವಾ ಹರಿವು ಕುಗ್ಗಿದರೆ ಲೋಹಕ್ಕೆ ತಾಗಿದ ನೀರು ಅಲ್ಲಲ್ಲೇ ಕುದಿದು, ಕಾಯುತ್ತಿರುವ ಕೆಟಲಿನಂತೆ ಸದ್ದು ಮಾಡುತ್ತದೆ. ಈ ಸದ್ದನ್ನು ಕಡೆಗಣಿಸಿದರೆ ಲೋಹ ಬಿರಿಯಬಹುದು.

ಸುಣ್ಣವನ್ನು ಸೌಮ್ಯ ಆಮ್ಲದಿಂದ ಕರಗಿಸಬಹುದು. ಇಡೀ ಸುತ್ತನ್ನು ತೊಳೆದು ಕೆಸರನ್ನು ತೆಗೆದು, ಅಯಸ್ಕಾಂತದ ಸೋಸುಕವನ್ನೂ ತುಕ್ಕು ನಿರೋಧಕ ದ್ರವವನ್ನೂ ಸೇರಿಸಬೇಕು. ಬ್ರಿಟನ್ನಿನಲ್ಲಿ ಗ್ಯಾಸಿನ ಭಾಗಗಳ ಕೆಲಸವನ್ನು 2009ರಿಂದ ‘ಗ್ಯಾಸ್ ಸೇಫ್’ ನೋಂದಣಿಯುಳ್ಳ ತಂತ್ರಜ್ಞರೇ ಮಾಡಬೇಕಾಗಿರುವುದು ಜೀವರಕ್ಷಣೆಯ ನಿಯಮ. ಸುತ್ತನ್ನು ತೊಳೆಯದೆ ವಿನಿಮಯಕವನ್ನಷ್ಟೇ ಬದಲಿಸಿದರೆ, ರೇಡಿಯೇಟರ್‌ಗಳಲ್ಲಿ ಉಳಿದ ಕೆಸರು ಹೊಸದನ್ನೂ ಕಟ್ಟುತ್ತದೆಯಾದ್ದರಿಂದ, ಬಿಡಿಭಾಗಕ್ಕೆ ಹಣ ತೆರುವ ಮೊದಲು ನೀರಿನ ದಾರಿಯನ್ನು ಶುದ್ಧಗೊಳಿಸುವುದೇ ಸರಿಯಾದ ಕ್ರಮ.